ಅಮ್ಮನ ಸೀರೆಗೆ ಯಾವ ಬಣ್ಣ

ಶಿರಾದಲ್ಲಿ ನಮ್ಮದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ನನ್ನ ಅಬ್ಬಾ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ಮದುವೆ ಕಾರ್ಡು, ಬಟ್ಟೆ ಚೀಲ, ಕಬಡ್ಡಿ ತಂಡದ ಬನಿಯನ್ನು, ಯಾವ ಕೆಲಸ ತಂದರೂ ಬೇಡ ಅಂದವರಲ್ಲ. ಫ್ಲೆಕ್ಸ್ ಬಂದಾಗ ಈ ಕಸುಬು ಮುಳುಗಿತು ಎಂದು ಪೇಟೆಯಲ್ಲಿ ಬಹಳ ಜನ ಹೇಳಿದರು. ಮುಳುಗಲಿಲ್ಲ. ಫ್ಲೆಕ್ಸಿನ ಬಣ್ಣ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬೆಳ್ಳಗಾಗುತ್ತದೆ, ನಾನು ಹಾಕಿದ ಬಣ್ಣ ನಿಲ್ಲುತ್ತದೆ. ಅದು ಗೊತ್ತಿರುವವರು ನಮ್ಮ ಅಂಗಡಿ ಹುಡುಕಿಕೊಂಡು ಬರುತ್ತಾರೆ.

ಹಾಗೆ ಹುಡುಕಿಕೊಂಡು ಒಂದು ದಿನ ಪಾವಗಡ ಕಡೆಯಿಂದ ಅಕ್ಕ ತಂಗಿ ಇಬ್ಬರು ಬಂದರು. ಅಕ್ಕನಿಗೆ ನನಗಿಂತ ಹತ್ತಾರು ವರ್ಷ ಹೆಚ್ಚಿರಬಹುದು. ತಂಗಿ ನನ್ನ ವಾರಿಗೆಯವಳು. ಅಕ್ಕ ಸೆರಗಿನ ಮರೆಯಿಂದ ಅಂಗೈ ಅಗಲದ ಒಂದು ಕಪ್ಪುಬಿಳುಪು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಹೊಲದಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಪಕ್ಕದಲ್ಲಿ ಬೇವಿನ ಮರ, ಹಿಂದೆ ಒಂದು ಗುಡ್ಡ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದಿರಬೇಕು, ಹಣೆಗೆ ಕೈ ಅಡ್ಡ ಹಿಡಿದಿದ್ದಾಳೆ. ಕೈಯ ನೆರಳು ಬಿದ್ದು ಮುಖವೆಲ್ಲ ಕಪ್ಪು.

"ಇದನ್ನ ದೊಡ್ಡದು ಮಾಡಿ, ಬಣ್ಣದಾಗೆ ಮಾಡ್ಕೊಡಕ್ಕಾಯ್ತದಾ ಕಣಮ್ಮ?" ಅಂದರು ಅಕ್ಕ.

"ಯಾರಕ್ಕಾ ಇದು?"

"ನಮ್ಮಮ್ಮ. ಹಿಂದಿರೋದು ನಮ್ಮ ಹೊಲ, ಬಲಸಮುದ್ರದ್ದು. ಈಗ ಅಲ್ಲಿ ಬರೀ ಸೋಲಾರ್ ಪ್ಯಾನಲ್ಲು. ಅಮ್ಮಂದು ಅಂತ ಇರೋದು ಇದೊಂದೇ ಫೋಟೋ."

ತಂಗಿ ನಡುವೆ ಬಾಯಿ ಹಾಕಿದಳು. "ಒಂದು ಸ್ಟುಡಿಯೋದಾಗೆ ಕೊಟ್ಟಿದ್ವಕ್ಕಾ. ಅವ್ನು ಕಂಪ್ಯೂಟರ್‌ನಾಗೆ ಯಾರ್ದೋ ಬೆಳ್ಳನೆ ಮುಖ ತಂದು ಕೂರಿಸ್ಬುಟ್ಟ. ಸೀರಿಯಲ್‌ನಾಗೆ ಬರೋ ಅತ್ತೆ ಇದ್ದಂಗೆ ಇತ್ತು."

ನನಗೆ ನಗು ಬಂತು. ಅವರಿಗೂ ಬಂತು. ಆಮೇಲೆ ನನ್ನ ಕೆಲಸ ಹೇಗೆ ಎಂದು ಅವರಿಗೆ ಬಿಡಿಸಿ ಹೇಳಿದೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಕ್ರೀನು, ಅಂದರೆ ಮರದ ಚೌಕಟ್ಟಿಗೆ ಬಿಗಿದ ತೆಳ್ಳನೆಯ ಬಟ್ಟೆ. ಆಕಾಶ, ಮಣ್ಣು, ಮರ, ಸೀರೆ, ಇವು ನಾಲ್ಕಕ್ಕೂ ನಾನೇ ಸಣ್ಣ ಚಾಕುವಿನಿಂದ ಸ್ಟೆನ್ಸಿಲ್ ಕತ್ತರಿಸುತ್ತೇನೆ. ಕತ್ತರಿಸಿದ ಜಾಗದಲ್ಲಿ ಮಾತ್ರ ಬಣ್ಣ ಇಳಿಯುತ್ತದೆ. ಎಲ್ಲಾ ಒಣಗಿದ ಮೇಲೆ ಕೊನೆಗೆ ಕಪ್ಪು. ಅದು ಮಾತ್ರ ಈ ಫೋಟೋದಿಂದಲೇ ಸ್ಕ್ರೀನಿನ ಮೇಲೆ ಇಳಿಯಬೇಕು. ಸೀರೆಯ ನೆರಿಗೆ, ಎಲೆಯ ಅಂಚು, ಕೈಬೆರಳು ಎಲ್ಲ ಆ ಕಪ್ಪಿನಲ್ಲಿ ಬರುತ್ತದೆ.

"ಅದಕ್ಕೆ ಮೊದಲು ಯಾವುದು ಯಾವ ಬಣ್ಣ ಇತ್ತು ಹೇಳಿ," ಅಂದೆ. "ಸೀರೆ?"

"ಹಸಿರು," ಅಂದರು ಅಕ್ಕ.

"ಕಾದಕ್ಕಾ, ಹಸಿರಲ್ಲ, ಕೆಂಪು," ಅಂದಳು ತಂಗಿ.

ಅಕ್ಕ ತಿರುಗಿ ನೋಡಿದರು. "ನಿಂಗೇನ್ ಗೊತ್ತೇ? ಫೋಟೋ ಹಿಡ್ದಾಗ ನಾನು ಅಲ್ಲೇ ಪಕ್ಕದಾಗೆ ನಿಂತಿದ್ದೆ, ನಿನ್ನ ಎತ್ಕೊಂಡು."

"ಎತ್ಕೊಂಡಿದ್ರೆ ನಂಗೂ ಕಾಣ್ತಿತ್ತಲ್ಲ. ಕೆಂಪೇ."

ಆ ದಿನ ಅವರ ವಾದ ಮುಗಿಯಲಿಲ್ಲ. ಬಣ್ಣ ಆಮೇಲೆ ತೀರ್ಮಾನಿಸೋಣ, ಮೊದಲು ನಾನೊಮ್ಮೆ ಆ ಜಾಗ ನೋಡಬೇಕು ಎಂದು ಹೇಳಿ ಕಳಿಸಿದೆ. ಕಪ್ಪುಬಿಳುಪಿನಲ್ಲಿ ಮಣ್ಣೂ ಬೂದು, ಗುಡ್ಡವೂ ಬೂದು. ಊಹೆಯ ಮೇಲೆ ಬಣ್ಣ ಕಲಸುವ ಅಭ್ಯಾಸ ನನಗಿಲ್ಲ.

ಮುಂದಿನ ವಾರ ಪಾವಗಡದ ಬಸ್ಸು ಹತ್ತಿದೆ. ಅಕ್ಕನ ತಮ್ಮ, ಅಂದರೆ ತಂಗಿಗೆ ಅಣ್ಣ, ಸ್ಟ್ಯಾಂಡಿಗೆ ಬಂದು ಬೈಕಿನಲ್ಲಿ ಬಲಸಮುದ್ರಕ್ಕೆ ಕರೆದುಕೊಂಡು ಹೋದರು. ಅವರು ಅದೇ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ ಕೆಲಸದಲ್ಲಿದ್ದರು. ಜಮೀನಿಗೆ ಬಾಡಿಗೆ ಬರುತ್ತದೆ, ತನಗೆ ಸಂಬಳವೂ ಬರುತ್ತದೆ, ಸುಖವಾಗಿದ್ದೇವೆ ಎಂದು ದಾರಿಯಲ್ಲಿ ಹೇಳಿದರು. "ಆದ್ರೂ ನಮ್ಮ ಮಕ್ಳಿಗೆ ಇಲ್ಲಿ ಏನಿತ್ತು ಅಂತ ತೋರ್ಸಕ್ಕೆ ಏನಾದ್ರೂ ಬೇಕಲ್ಲಕ್ಕಾ."

ಬೇಲಿಯ ಹೊರಗೆ ನಿಂತು ನೋಡಿದೆವು. ನೀಲಿ ಗಾಜಿನ ಸಾಲುಗಳು ಕಣ್ಣು ಹಾಯುವವರೆಗೂ ಒಂದೇ ಕಡೆಗೆ ಓರೆಯಾಗಿ ನಿಂತಿದ್ದವು. ಬೇವಿನ ಮರ ಇರಲಿಲ್ಲ. ಗುಡ್ಡ ಮಾತ್ರ ಫೋಟೋದಲ್ಲಿದ್ದ ಹಾಗೆಯೇ ಇತ್ತು, ತುದಿಯ ಬಂಡೆ ಸಮೇತ. ಅವರು ಬೇಲಿಯ ಕೆಳಗೆ ಕೈ ತೂರಿಸಿ ಒಂದು ಹಿಡಿ ಮಣ್ಣು ತೆಗೆದು ನನ್ನ ಕರ್ಚೀಫಿಗೆ ಸುರಿದರು. ನಾನು ಅಂದುಕೊಂಡಿದ್ದಷ್ಟು ಕೆಂಪಿರಲಿಲ್ಲ. ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣ.

ವಾಪಸ್ಸು ಬರುವಾಗ ಅವರು ಗಾಡಿ ನಿಧಾನ ಮಾಡಿ ಕೇಳಿದರು. "ಅಕ್ಕಾ, ಅಮ್ಮನ ಮುಖ ಕಾಣೋದೇ ಇಲ್ವಲ್ಲ. ನಾವು ಮೂರು ಜನ ಕೂತ್ಕೊಂಡು ಹೇಳ್ತೀವಿ, ಮೂಗು ಹಿಂಗಿತ್ತು, ಕಣ್ಣು ಹಂಗಿತ್ತು ಅಂತ. ನೀವು ಬರ್ದ್ಬುಡ್ರಿ."

"ಆಗಲ್ಲಣ್ಣ."

"ನಿಮ್ಮ ಮುಸ್ಲಿಮರಾಗೆ ಮುಖ ಬರೀಬಾರ್ದು ಅಂತ ಏನಾದ್ರೂ..." ಎಂದು ಅವರು ತಡವರಿಸಿದರು.

"ಅಯ್ಯೋ, ಹಂಗೇನಿಲ್ಲ. ಮದುವೆ ಕಾರ್ಡಿಗೆ ನಾನು ಹಾಕಿರೋ ಗಣಪತಿ ಲೆಕ್ಕಕ್ಕೇ ಸಿಗಲ್ಲ," ಅಂದೆ. "ನೀವು ಮೂರು ಜನ ಮೂರು ಥರ ಹೇಳ್ತೀರ. ಸೀರೆ ಬಣ್ಣಕ್ಕೇ ಅಕ್ಕ ತಂಗಿ ಹೆಂಗೆ ಕಿತ್ತಾಡಿದ್ರು ಗೊತ್ತಲ್ಲ? ಕೊನೆಗೆ ನಾನು ಯಾವುದೋ ಒಂದು ಮುಖ ಬರೀತೀನಿ. ಅದು ನನ್ನ ಕೈಯಲ್ಲಿ ಹುಟ್ಟಿದ್ದು, ನಿಮ್ಮಮ್ಮನದಲ್ಲ. ನಿಮ್ಮ ಮೊಮ್ಮಕ್ಕಳು ಅದನ್ನೇ ನಂಬ್ತಾರೆ. ಈ ನೆರಳಾದ್ರೆ ನಿಮ್ಮಮ್ಮಂದೇ, ಅವ್ರ ಕೈದೇ."

ಅವರು ಮತ್ತೆ ಗಾಡಿಯ ವೇಗ ಹೆಚ್ಚಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಇಳಿಸುವಾಗ, "ಆಯ್ತಕ್ಕಾ, ನಿಮ್ಗೆ ತೋಚಿದಂಗೆ ಮಾಡ್ರಿ" ಎಂದರು. ಪೂರ್ತಿ ಮನಸ್ಸಿನಿಂದ ಹೇಳಿದ ಹಾಗೆ ಕಾಣಲಿಲ್ಲ. ಆದರೂ ನಾನು ಹೇಳಿದ್ದು ಸರಿ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅಂಗಡಿಗೆ ಬಂದು ಕಪ್ಪಿನ ಸ್ಕ್ರೀನು ಮಾಡಲು ಕೂತೆ. ಫೋಟೋವನ್ನು ದೊಡ್ಡದು ಮಾಡಿ, ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಸಿ, ಪಾರದರ್ಶಕ ಹಾಳೆಯ ಮೇಲೆ ಪ್ರಿಂಟ್ ತೆಗೆಸಿದ್ದೆ. ಸ್ಕ್ರೀನಿನ ಬಟ್ಟೆಗೆ ಕತ್ತಲ ಕೋಣೆಯಲ್ಲಿ ಮದ್ದು ಸವರಿ ಒಣಗಿಸಿ, ಆ ಹಾಳೆ ಇಟ್ಟು, ಮೇಲೊಂದು ಗಾಜು ಹೇರಿ ಮಾಳಿಗೆಯ ಬಿಸಿಲಿಗೆ ಹಿಡಿಯಬೇಕು. ಬಿಸಿಲು ಬಿದ್ದಲ್ಲಿ ಮದ್ದು ಗಟ್ಟಿಯಾಗುತ್ತದೆ. ಕಪ್ಪು ಚುಕ್ಕೆಯ ಕೆಳಗೆ ಮೆತ್ತಗೇ ಉಳಿದು, ನೀರು ಹಾಕಿದರೆ ಬಿಟ್ಟುಕೊಳ್ಳುತ್ತದೆ. ಆ ತೂತುಗಳಲ್ಲಿ ಬಣ್ಣ ಇಳಿಯುತ್ತದೆ.

ಮೊದಲನೆಯದು ಕೆಟ್ಟಿತು. ಬಿಸಿಲು ಹೆಚ್ಚಾಗಿ ಸಣ್ಣ ಚುಕ್ಕೆಗಳೆಲ್ಲ ಮುಚ್ಚಿಕೊಂಡು, ಬೇವಿನ ಮರ ಬೋಳಾಗಿ ನಿಂತಿತು. ಅಬ್ಬಾ ಈಗ ಕೆಲಸ ಮಾಡುವುದಿಲ್ಲ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸ್ಕ್ರೀನನ್ನು ಬೆಳಕಿಗೆ ಹಿಡಿದು ನೋಡಿ, "ಗಡಿಯಾರ ನೋಡಿ ಇಟ್ಟಿದ್ದೀಯ ಬೇಟಿ. ಬಿಸಿಲು ನೋಡಿ ಇಡು," ಎಂದು ವಾಪಸ್ಸು ಕೊಟ್ಟರು. ಮಾರನೆಯ ದಿನ ಬೆಳಿಗ್ಗೆ ಎಳೆಬಿಸಿಲಿಗೆ ಇಟ್ಟೆ. ನೀರು ಹಾಕುತ್ತಿದ್ದಂತೆ ಮೊದಲು ಗುಡ್ಡ ಬಂತು, ಆಮೇಲೆ ಮರದ ಒಂದೊಂದು ಎಲೆ, ಕೊನೆಗೆ ಹಣೆಗೆ ಹಿಡಿದ ಕೈಯ ಬಳೆಗಳು. ಬಳೆ ಇವೆ ಎಂದು ಫೋಟೋದಲ್ಲಿ ನಾನು ಗಮನಿಸಿಯೇ ಇರಲಿಲ್ಲ.

ಆಮೇಲಿನದು ನನಗೆ ಬಹಳ ಇಷ್ಟದ ಕೆಲಸ. ಮೂವರಿಗೂ ಅವರ ಮಕ್ಕಳಿಗೂ ಒಂದೊಂದು ಪ್ರತಿ ಬೇಕಿತ್ತು. ಮೇಜಿನ ಮೂಲೆಗೆ ರಟ್ಟಿನ ತುಂಡು ಅಂಟಿಸಿ, ಪ್ರತಿ ಹಾಳೆಯೂ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರುವಂತೆ ಮಾಡಿಕೊಂಡೆ. ಆಕಾಶಕ್ಕೆ ನೀಲಿ ಹಾಕಲಿಲ್ಲ. ನಮ್ಮ ಕಡೆ ಸುಗ್ಗಿ ಕಾಲದ ಮಧ್ಯಾಹ್ನದ ಆಕಾಶ ನೀಲಿ ಇರುವುದಿಲ್ಲ, ತೆಳು ಹಳದಿ ಇರುತ್ತದೆ. ಮಣ್ಣಿನ ಬಣ್ಣವನ್ನು ಕರ್ಚೀಫಿನ ಪಕ್ಕದಲ್ಲಿಟ್ಟು ಕಲಸಿದೆ. ಆಮೇಲೆ ಮರದ ಹಸಿರು. ರಬ್ಬರ್ ಪಟ್ಟಿ ಹಿಡಿದು ಬಣ್ಣ ಎಳೆಯುವಾಗ ಸದ್ದಿನಿಂದಲೇ ಗೊತ್ತಾಗುತ್ತದೆ, ಬಣ್ಣ ಸರಿಯಾಗಿ ಇಳಿಯಿತೋ ಇಲ್ಲವೋ. ಆ ವಾರ ಒಂದು ಹಾಳೆಯೂ ಜರುಗಲಿಲ್ಲ.

ಸೀರೆಯೊಂದು ಉಳಿಯಿತು. ಒಂದು ಹಾಳೆಗೆ ಹಸಿರು, ಇನ್ನೊಂದಕ್ಕೆ ಕೆಂಪು ಹಾಕಿ, ಎರಡಕ್ಕೂ ಕಪ್ಪು ಎಳೆದು, ಮೂವರನ್ನೂ ಬರಹೇಳಿದೆ.

ಎರಡನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಮುಖದ ವಿಷಯ ಯಾರೂ ಎತ್ತಲಿಲ್ಲ. ಆ ತಮ್ಮ ಚಿತ್ರದ ಹತ್ತಿರ ಹೋಗಿ ಬಳೆಗಳನ್ನೇ ನೋಡುತ್ತಾ ನಿಂತರು. ತಂಗಿ ಕೆಂಪು ಸೀರೆಯ ಚಿತ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. "ಹಿಂಗೇ ಇದ್ಲು," ಎಂದಳು. ಕಣ್ಣಲ್ಲಿ ನೀರು.

ಅಕ್ಕ ಅವಳನ್ನೂ, ಹಸಿರು ಸೀರೆಯ ಚಿತ್ರವನ್ನೂ ಒಂದೊಂದು ಸಲ ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು. "ಕೆಂಪೇ ಇರ್ಲಿ ಕಣಮ್ಮ."

"ನೀವು ಪಕ್ಕದಲ್ಲೇ ನಿಂತಿದ್ರಿ ಅಂದ್ರಲ್ಲಕ್ಕಾ."

"ನಿಂತಿದ್ದೆ. ಹಸಿರೇ ಅದು. ಅಮ್ಮ ಹೋದಾಗ ಅವ್ಳಿಗಿನ್ನೂ ಮಾತೇ ನೆಟ್ಟಗೆ ಬರ್ತಿರ್ಲಿಲ್ಲ. ಅಮ್ಮಂದು ಅಂತ ಅವ್ಳ ತಾವ ಇರೋದು ಆ ಕೆಂಪೊಂದೇ. ನನ್ ತಾವ ಬೇಕಾದಷ್ಟೈತೆ. ಅಮ್ಮ ಬಯ್ದಿದ್ದು, ತಲೆ ಬಾಚಿದ್ದು, ಮುದ್ದೆ ಇಕ್ಕಿದ್ದು, ಎಲ್ಲಾನೂ."

ಈ ಹಸಿರಿನದನ್ನು ನೀವು ಬೇರೆಯಾಗಿ ಇಟ್ಟುಕೊಳ್ಳಿ, ಹೇಗೂ ಮಾಡಿಯಾಗಿದೆ ಅಂದೆ. ಅವರು ಜೋರಾಗಿ ತಲೆ ಅಲ್ಲಾಡಿಸಿದರು. "ಬ್ಯಾಡವೇ ಬ್ಯಾಡ. ಎರಡು ಬಣ್ಣ ಇದ್ರೆ ಮನೆಯಾಗೆ ಮತ್ತೆ ಜಗಳ."

ಉಳಿದ ಹಾಳೆಗಳಿಗೆಲ್ಲ ಕೆಂಪನ್ನೇ ಹಾಕಿದೆ. ಕಪ್ಪು ಅದರ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂತಿತು. ಅಬ್ಬಾ ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಏನೂ ಹೇಳದೆ ಕೆಳಗಿಟ್ಟರು. ಅವರು ತಪ್ಪು ಹುಡುಕಿ ಸಿಗದಿದ್ದಾಗ ಮಾತ್ರ ಹಾಗೆ ಮಾಡುತ್ತಾರೆ.

ಚಿತ್ರಗಳನ್ನು ಒಯ್ಯಲು ತಮ್ಮ ಒಬ್ಬರೇ ಬಂದರು. ಆ ಹೊತ್ತಿಗೆ ನಾನು ಹಿತ್ತಲಲ್ಲಿ ಕಪ್ಪಿನ ಸ್ಕ್ರೀನಿಗೆ ಮದ್ದು ಬಿಡಿಸುವ ಪುಡಿ ಹಚ್ಚಿ ತೊಳೆಯುತ್ತಿದ್ದೆ. ಮರ, ಗುಡ್ಡ, ಕೈ ಎಲ್ಲ ಕರಗಿ ನೀರಿನ ಜೊತೆ ಹರಿಯುತ್ತಿತ್ತು. ಅವರು ನೋಡಿ ಗಾಬರಿಯಾದರು.

"ಅಯ್ಯೋ, ಎತ್ತಿಟ್ಕಳಲ್ವಾ ಅಕ್ಕಾ ಅದನ್ನ?"

"ಇಲ್ಲಣ್ಣ. ನಿಮ್ಮಮ್ಮ ಹಾಳೆ ಮೇಲೆ ಬಂದಾಯ್ತು. ಈ ಬಟ್ಟೆ ನನಗೆ ನಾಳೆಗೇ ಬೇಕು. ಹುಲಿಕುಂಟೆ ಹುಡುಗರ ಬನಿಯನ್ ಐತೆ."

ಅವರು ಪೈಪು ಹಿಡಿದುಕೊಂಡು, ಬಟ್ಟೆ ಪೂರ್ತಿ ಬೆಳ್ಳಗಾಗುವವರೆಗೂ ನೀರು ಬಿಟ್ಟರು.