ನಮ್ಮ ಹಟ್ಟಿಯ ಒರಳು ಕುಣಿಗಳು

ರಾಂಪುರದಾಚೆ, ಆಂಧ್ರದ ಗಡೀಲಿ ನಮ್ಮ ಹಟ್ಟಿ ಇತ್ತು. ಬಾವಿ ನೀರು ಉಪ್ಪಾದ ಮೇಲೆ ಜನ ಎದ್ದು ಹೋದರು. ಈಗ ಬರೀ ಬಂಡೆ. ಮೊನ್ನೆ ತಾಲ್ಲೂಕಿನ ಊರುಗಳ ಚರಿತ್ರೆ ಬರೆಯೋ ಮೇಷ್ಟ್ರೊಬ್ಬರು ನನ್ನನ್ನ ಜೀಪಿನಲ್ಲಿ ಅಲ್ಲಿಗೆ ಕರ್ಕೊಂಡು ಹೋದರು. ಏನಾದ್ರೂ ಗುರುತು ಸಿಕ್ಕರೆ ಮಾತ್ರ ಪುಸ್ತಕದಲ್ಲಿ ಹಟ್ಟಿ ಹೆಸರು ಹಾಕ್ತೀನಿ ಅಂದಿದ್ದರು.

ಬಂಡೆ ಮೇಲಿನ ಕುಣಿಗಳನ್ನ ಕಂಡು ಅವರ ಕಣ್ಣು ಅರಳಿತು. "ಅಜ್ಜೀ, ಇವು ಸಾವಿರಾರು ವರ್ಷದ ಹಿಂದಿನ ಆದಿಮಾನವರವು!"

"ಆದಿಮಾನವರದಲ್ಲ ಮೇಷ್ಟ್ರೇ, ನಮ್ಮತ್ತೆದು. ಬೈಯೋವಾಗ ಹಂಗೇ ಕಾಣ್ತಿದ್ದಳು, ಅದು ಬ್ಯಾರೆ ಮಾತು. ಮನೆಗೆ ಬಂದ ಸೊಸೆಗೊಂದು ಕುಣಿ. ಇದ್ರಾಗೇ ನವಣೆ ಕುಟ್ತಿದ್ವಿ."

ಅವರು ನಂಬಲಿಲ್ಲ. "ಹಂಗಾದ್ರೆ ಎಲ್ಲಾ ಆಳ ಅವೆ, ಇದೊಂದು ಯಾಕೆ ತಟ್ಟೆ ಥರ ಐತೆ?"

"ಅದು ನಂದು," ಅಂದೆ. "'ನೀನು ಕುಟ್ಟೋ ಚೆಂದಕ್ಕೆ ಇದು ಆಳ ಆಗೋದ್ರೊಳಗೆ ಊರೇ ಇರಲ್ಲ' ಅಂತಿದ್ದಳು ಅತ್ತೆ. ಹಂಗೇ ಆತು ನೋಡ್ರಿ."

ಮೇಷ್ಟ್ರು ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಹಟ್ಟಿ ಹೆಸರು ಕೇಳಿ ಬರ್ಕೊಂಡರು, ನನ್ನ ಕುಣಿ ಫೋಟೊನೂ ತೆಗೆದರು. ಅದರ ಕೆಳಗೆ ಮಾತ್ರ, ಆ ಜಾಗದಲ್ಲಿ ಕಲ್ಲು ಬಲು ಗಟ್ಟಿ ಇತ್ತು ಅಂತ ಬರೀರಿ ಅಂದೆ.