ಟ್ರ್ಯಾಕ್ಟರ್ ಲಕ್ಷ್ಮೀದೇವಿ ಪಾವಗಡಕ್ಕೆ ಹೋದದ್ದು

ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಊರುಗಳಲ್ಲಿ ಲಕ್ಷ್ಮೀದೇವಿ ಎಂದು ಕೇಳಿದರೆ ಯಾವ ಲಕ್ಷ್ಮೀದೇವಿ ಎನ್ನುತ್ತಾರೆ. ಟ್ರ್ಯಾಕ್ಟರ್ ಲಕ್ಷ್ಮೀದೇವಿ ಎಂದರೆ ಮಾತ್ರ ನೆಟ್ಟಗೆ ಮನೆ ಬಾಗಿಲಿಗೇ ಕರೆದುಕೊಂಡು ಹೋಗುತ್ತಾರೆ. ಅವಳ ಅಣ್ಣ ರಂಗೇಶ್ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ, ಸರಿಯಾಗಿ ಉಳುಮೆಯ ಹೊತ್ತಿಗೆ ಮನೆಯ ಟ್ರ್ಯಾಕ್ಟರು ಬೇವಿನ ಮರದ ಕೆಳಗೆ ಸುಮ್ಮನೆ ನಿಂತುಬಿಟ್ಟಿತ್ತು. ಬಾಡಿಗೆಗೆ ಹೇಳಿದ್ದವರು ದಿನಾ ಬಂದು ವಿಚಾರಿಸಿ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಲಕ್ಷ್ಮೀದೇವಿ ಸೀರೆಯ ಮೇಲೆ ಅಣ್ಣನ ಹಳೇ ಅಂಗಿ ಹಾಕಿಕೊಂಡು ಸೀಟಿನಲ್ಲಿ ಕೂತಳು. ಜಗುಲಿಯಲ್ಲಿ ಮಲಗಿದ್ದ ರಂಗೇಶ್ ಅಲ್ಲಿಂದಲೇ ಕ್ಲಚ್ಚು, ಗೇರು ಹೇಳಿಕೊಟ್ಟ. ಮೊದಲ ದಿನ ಬೇಲಿ ಮುರಿಯಿತು. ಆ ಮುಂಗಾರು ಮುಗಿಯುವ ಹೊತ್ತಿಗೆ ಅವಳು ಉತ್ತ ಸಾಲು ಹಗ್ಗ ಹಿಡಿದು ಎಳೆದ ಹಾಗೆ ಇರುತ್ತಿತ್ತು. ಅಣ್ಣನ ಕಾಲು ವಾಸಿಯಾದ ಮೇಲೂ ಜನ ಬಂದು, ತಂಗಿಯನ್ನೇ ಕಳಿಸಪ್ಪ ಎಂದು ಕೇಳುವುದು ನಿಲ್ಲಲಿಲ್ಲ.

ವಯಸ್ಸು ಮೂವತ್ತಾರು ದಾಟಿದರೂ ಅವಳಿಗೆ ಮದುವೆಯಾಗಿರಲಿಲ್ಲ. ಮೂಲಾ ನಕ್ಷತ್ರ ಎಂಬ ಒಂದೇ ಮಾತಿಗೆ ಬಂದ ಗಂಡಿನ ಕಡೆಯವರೆಲ್ಲ ಕಾಫಿ ಕುಡಿದು ಎದ್ದು ಹೋಗಿದ್ದರು. ಆಮೇಲಾಮೇಲೆ ಬರುವುದೂ ನಿಂತಿತು. ಅವಳು ಅದನ್ನು ಮನಸ್ಸಿನಿಂದ ತೆಗೆದುಹಾಕಿದ್ದಳು. ಅವಳ ತಾಯಿ ಮುನಿಯಮ್ಮ ತೆಗೆದಿರಲಿಲ್ಲ.

ಹೀಗಿರುವಾಗ ಒಂದೇ ತಿಂಗಳಲ್ಲಿ ಎರಡು ಕರೆ ಬಂದವು.

ಮೊದಲನೆಯದು ಕೆಲಸದ್ದು. ಪ್ರಸನ್ನಕುಮಾರ್ ಎಂಬಾತ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಆ ಊರಿಗೆ ಬಂದಿದ್ದ. ಬೀದಿಗೆ ಅಡ್ಡವಾಗಿ ಜಲ್ಲಿ ಲಾರಿ ನಿಂತಿದ್ದಾಗ, ಇಟ್ಟಿಗೆ ತುಂಬಿದ ಟ್ರೈಲರನ್ನು ಲಕ್ಷ್ಮೀದೇವಿ ಚರಂಡಿಗೂ ಗೋಡೆಗೂ ತಾಗದಂತೆ ಬೀದಿಯುದ್ದ ಹಿಂದಕ್ಕೆ ತೆಗೆದದ್ದನ್ನು ಅವನು ನಿಂತು ನೋಡಿದ. ತಿರುಮಣಿ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ ಗುತ್ತಿಗೆ ಹಿಡಿದವರ ಬಳಿ ಅವನು ಸೂಪರ್‌ವೈಸರ್. ತೊಳೆಯುವುದೂ ಟ್ರ್ಯಾಕ್ಟರಿನಿಂದಲೇ: ಪಕ್ಕಕ್ಕೆ ಚಾಚಿದ ಉದ್ದನೆಯ ಕೈ, ಅದರ ತುದಿಯಲ್ಲಿ ತಿರುಗುವ ಬ್ರಷ್ಷು, ಹಿಂದೆ ನೀರಿನ ಟ್ಯಾಂಕು. ಸಾಲುಗಳ ನಡುವೆ ಗೇಣು ಆಚೀಚೆ ಆಗದಂತೆ ಓಡಿಸುವ ಡ್ರೈವರುಗಳು ಸಿಗುತ್ತಿಲ್ಲ, ಬರುತ್ತೀರಾ ಎಂದು ಕೇಳಿದ. ತಿಂಗಳ ಸಂಬಳ, ಪಿಎಫ್. ಪಾವಗಡದಲ್ಲಿ ಮನೆ ಮಾಡಿಕೊಂಡಿರಬೇಕು. ಬೆಳಗಿನ ಜಾವ ಜೀಪು ಬರುತ್ತದೆ.

ಎರಡನೆಯದು ಸಂಬಂಧ. ಸಿರಾದಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದ ನಾಗಭೂಷಣ್ ಹೆಂಡತಿ ತೀರಿಕೊಂಡು ಎರಡು ಚಿಕ್ಕ ಹೆಣ್ಣುಮಕ್ಕಳ ಜೊತೆ ಒಬ್ಬನೇ ಇದ್ದ. ನಕ್ಷತ್ರದ ಮಾತು ತೆಗೆಯಲಿಲ್ಲ. ಬಂದು ಕೂತು, ಸುತ್ತಿ ಬಳಸದೆ ಮಾತನಾಡಿದ. ಲಕ್ಷ್ಮೀದೇವಿ ಕೆಲಸದ ವಿಷಯವನ್ನು ಅವನ ಎದುರೇ ಹೇಳಿದಳು. ಅವನು, "ನಿಮ್ಗೆ ಆ ಆಸೆ ಇರೋದು ತಪ್ಪಲ್ಲ. ಆದ್ರೆ ಮಕ್ಳು ಸ್ಕೂಲಿಂದ ಬರೋ ಹೊತ್ಗೆ ಮನೇಲಿ ಒಬ್ರು ಇರ್ಬೇಕು ನಂಗೆ. ಯೋಚ್ನೆ ಮಾಡಿ ಹೇಳಿ," ಎಂದ. ಅವನ ಆ ನೇರವಾದ ಮಾತು ಅವಳಿಗೆ ಹಿಡಿಸಿತು. ಹಿಡಿಸಿದ್ದರಿಂದಲೇ ಕಷ್ಟವಾಯಿತು. ಕೆಟ್ಟವನಾಗಿದ್ದರೆ ಬೇಡ ಎಂದು ಕೈ ತೊಳೆದುಕೊಳ್ಳಬಹುದಿತ್ತು.

ಮನೆಯಲ್ಲಿ ಯಾರಿಗೂ ಎರಡು ದಾರಿ ಕಾಣಲಿಲ್ಲ. ಇಷ್ಟು ವರ್ಷದ ಮೇಲೆ ಒಳ್ಳೆಯ ಮನೆ ತಾನಾಗಿ ಬಂದಿದೆ, ಈಗ ಪಾವಗಡಕ್ಕೆ ಹೋಗಿ ಕೂತರೆ ಮುಂದೆ ಯಾರು ಕೇಳಿಕೊಂಡು ಬರುತ್ತಾರೆ ಎಂದು ಅತ್ತಿಗೆ ಅಂದಳು. ಮದುವೆಯಾಗದ ಹೆಂಗಸು ಕಂಡರಿಯದ ಊರಿನಲ್ಲಿ ಒಬ್ಬಳೇ ಇದ್ದರೆ ಜನ ಬಾಯಿಗೆ ಬಂದದ್ದು ಆಡುತ್ತಾರೆ ಎಂದು ರಂಗೇಶ್ ಅಂದ. ಮುನಿಯಮ್ಮ ರಾಗಿ ಕೇರುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಲಕ್ಷ್ಮೀದೇವಿ ಯಾರ ಜೊತೆಗೂ ವಾದಕ್ಕೆ ಇಳಿಯದೆ, ಒಂದು ಸಲ ಊರು ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಮಧುಗಿರಿಗೆ ಹೋಗಿ ಪಾವಗಡದ ಬಸ್ಸು ಹತ್ತಿದಳು.

ಪಾವಗಡದಲ್ಲಿ ಮೊದಲು ಬಾಡಿಗೆ ಮನೆ ಹುಡುಕಿದಳು. ಇರಲು ಸೂರೇ ಸಿಗದಿದ್ದರೆ ಉಳಿದದ್ದನ್ನು ಯೋಚಿಸುವ ಅಗತ್ಯವೇ ಇಲ್ಲವಲ್ಲ. ಮೊದಲ ಮನೆಯವರು ಯಜಮಾನರಿಗೆ ಏನು ಕೆಲಸ ಎಂದು ಕೇಳಿದರು. ಯಜಮಾನರು ಇಲ್ಲ ಎಂದ ಕೂಡಲೇ ಅವರ ರೂಮು ಬೇರೆಯವರಿಗೆ ಮಾತಾಗಿಬಿಟ್ಟಿತ್ತು. ಇನ್ನೊಂದು ಕಡೆ ತಾಯಿಯನ್ನು ಜೊತೆಗೆ ತಂದಿಟ್ಟುಕೊಳ್ಳುವುದಾದರೆ ನೋಡೋಣ ಎಂದರು. ಬಿಸಿಲು ನೆತ್ತಿಗೇರಿತು. ವಾಪಸು ಬಸ್ ಸ್ಟ್ಯಾಂಡಿನ ಕಡೆ ತಿರುಗಿದಾಗ, ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಮುದುಕಿಯೊಬ್ಬಳು ನೀರು ಬೇಕಾ ಎಂದು ಕೇಳಿದಳು. ಹೆಸರು ಪೆದ್ದಮ್ಮ. ತೆಲುಗನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಕಥೆಯೆಲ್ಲ ಕೇಳಿಸಿಕೊಂಡು, ಸಿಪ್ಪೆ ಕೊಡವಿ ಎದ್ದು ಪಕ್ಕದ ರೂಮಿನ ಬೀಗ ತೆಗೆದಳು.

"ನೇನೂ ಒಕ್ಕದಾನ್ನೇ ಕಣಮ್ಮ. ನೀನೊಬ್ಳು, ನಾನೊಬ್ಳು. ಇರು, ಏಮಯಿತುಂದಿ? ಏನಾಗ್ತದೆ?"

ತಿರುಮಣಿಯ ಕಡೆ ಅವಳಿಗೆ ಎರಡೂವರೆ ಎಕರೆ ಹೊಲವಿತ್ತು, ಅದನ್ನು ಪಾರ್ಕಿಗೆ ಗುತ್ತಿಗೆ ಕೊಟ್ಟು ಊರೊಳಗೆ ಬಂದಿದ್ದಳು. ಈಗ ಅದರ ಮೇಲೆಲ್ಲ ಗಾಜು. ಅದನ್ನು ತೊಳೆಯಲು ಬಂದವಳು ಎಂದು ತಿಳಿದದ್ದೇ ತಡ, ನಮ್ಮ ಹೊಲದ್ದನ್ನು ಚೆನ್ನಾಗಿ ತೊಳಿ ಎಂದು ಹೇಳಿಯೇಬಿಟ್ಟಳು.

ಮಧ್ಯಾಹ್ನ ಇಳಿದ ಮೇಲೆ ಪ್ರಸನ್ನಕುಮಾರ್ ಅವಳನ್ನು ಪಾರ್ಕಿನೊಳಕ್ಕೆ ಕರೆದೊಯ್ದು ಒಂದು ಸಾಲು ಓಡಿಸಿ ನೋಡಿ ಎಂದ. ಉಳಿದ ಡ್ರೈವರುಗಳು ಟೀ ಲೋಟ ಹಿಡಿದು ನೋಡಲು ನಿಂತರು. ಎಡಕ್ಕೆ ಗಾಜು, ಬಲಕ್ಕೆ ಗಾಜು, ನಡುವೆ ಟ್ರ್ಯಾಕ್ಟರ್ ಹಿಡಿಸುವಷ್ಟೇ ಜಾಗ. ಮೊದಲು ಅವಳು ಇಂಚಿಂಚಾಗಿ ಮುಂದೆ ಹೋದಳು. ಆಮೇಲೆ ಕತ್ತು ತಾನಾಗಿಯೇ ಪಕ್ಕಕ್ಕೆ ಹೊರಳಿ, ನೇಗಿಲಿನ ಮೇಲೆ ನೆಡುತ್ತಿದ್ದ ಹಾಗೇ ಕಣ್ಣು ಬ್ರಷ್ಷಿನ ಮೇಲೆ ನೆಟ್ಟಿತು. ಬ್ರಷ್ಷು ಹಾದುಹೋದ ಕಡೆಯೆಲ್ಲ ಧೂಳು ಕರಗಿ ನೀಲಿ ಹೊಳೆಯತೊಡಗಿತು. ಸಾಲಿನ ಕೊನೆ ಮುಟ್ಟಿದಾಗ, ಇದನ್ನು ಬಿಟ್ಟು ಹೋಗುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಾಗಿಹೋಯಿತು.

ಊರಿಗೆ ಬಂದು ಹೇಳಿದಾಗ ರಂಗೇಶ್ ರೇಗಿದ. ಜ್ವರ ಬಂದರೆ ಗಂಜಿ ಕಾಯಿಸಿ ಕೊಡುವವರು ಯಾರು, ಇಲ್ಲಿ ನಿನಗೆ ಏನು ಕಮ್ಮಿಯಾಗಿದೆ, ಇಲ್ಲೂ ಟ್ರ್ಯಾಕ್ಟರ್ ಓಡಿಸುತ್ತಿದ್ದೀಯಲ್ಲ ಎಂದ.

"ಓಡಿಸ್ತಿದೀನಿ ಅಣ್ಣ. ನೀನು ಬೀಗದ ಕೈ ಕೊಟ್ರೆ ಓಡಿಸ್ತೀನಿ, ಇಲ್ದಿದ್ರೆ ಇಲ್ಲ," ಎಂದಳು. "ನೀನು ಇಲ್ಲ ಅಂದೋನಲ್ಲ, ನಂಗೊತ್ತು. ಆದ್ರೂ ಕೇಳ್ಬೇಕಲ್ಲ."

ಅಷ್ಟು ದಿನ ಬಾಯಿ ಬಿಡದಿದ್ದ ಮುನಿಯಮ್ಮ ಆಗ ಮಾತನಾಡಿದಳು.

"ನನ್ನ ಮದುವೆ ಮಾಡ್ದಾಗ ಯಾರೂ ನನ್ನ ಕೇಳ್ಲಿಲ್ಲ ಕಣ್ಲಾ ರಂಗೇಶ. ಇವಳ್ನಾದ್ರೂ ಕೇಳವ ಅಂತ ಕಾಯ್ತಿದ್ದೆ. ನಾನು ಕೇಳೋಕ್ಮುಂಚೇನೇ ಅವ್ಳೇ ಹೇಳ್ಬುಟ್ಳು. ಹೋಗ್ಲಿ ಬುಡು."

ನಾಗಭೂಷಣ್‌ಗೆ ಲಕ್ಷ್ಮೀದೇವಿ ತಾನೇ ಫೋನ್ ಮಾಡಿದಳು. ನಿಮ್ಮಲ್ಲಿ ಕೊರತೆ ಕಂಡು ಬೇಡ ಅನ್ನುತ್ತಿಲ್ಲ ಎಂದು ಹೇಳಿದಳು. ನೀವೇ ಫೋನ್ ಮಾಡಿ ಹೇಳಿದಿರಲ್ಲ, ಅದೇ ದೊಡ್ಡದು ಎಂದು ಅವನು ಫೋನಿಟ್ಟ. ಮುಂದಿನ ವರ್ಷ ಅವನಿಗೆ ಮದುವೆಯಾಯಿತು. ಲಕ್ಷ್ಮೀದೇವಿ ಸಿರಾಕ್ಕೆ ಹೋಗಿ ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕೂತು ಹೊಟ್ಟೆ ತುಂಬ ಉಂಡು ಬಂದಳು.

ಪಾವಗಡದ ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ತಿಂಡಿಯ ಹೊತ್ತಿಗೆ ಡ್ರೈವರುಗಳು ಒಂದು ಕಡೆ, ಅವಳೊಬ್ಬಳು ಇನ್ನೊಂದು ಕಡೆ. ಅಂಗಡಿಗೆ ಹೋದರೆ ಯಾರ ಮನೆಯವರು, ಯಾಕೆ ಒಬ್ಬರೇ ಎಂಬ ಪ್ರಶ್ನೆ. ಭಾನುವಾರ ಸಂಜೆ ಪಕ್ಕದ ಮನೆಗಳಲ್ಲಿ ಗಂಡ ಹೆಂಡಿರು ಮಕ್ಕಳನ್ನು ಕರೆದುಕೊಂಡು ಶನಿಮಹಾತ್ಮನ ಗುಡಿಯ ಕಡೆ ಹೊರಟಾಗ ಅವಳಿಗೆ ರೂಮಿನ ಗೋಡೆಗಳು ಹತ್ತಿರ ಹತ್ತಿರ ಬಂದಂತೆ ಅನ್ನಿಸುತ್ತಿತ್ತು. ತಪ್ಪು ಮಾಡಿದೆನೇ ಎಂದು ತನ್ನನ್ನೇ ಕೇಳಿಕೊಂಡದ್ದೂ ಉಂಟು. ಅಂಥ ಒಂದು ಸಂಜೆ ಪೆದ್ದಮ್ಮ ಒಳಗೆ ಬಂದು, ರಾಗಿ ಮುದ್ದೆಗೆ ಹುರುಳಿಕಾಳಿನ ಸಾರು ಮಾಡಿದ್ದೇನೆ, ಒಬ್ಬಳಿಗೇ ಉಣ್ಣಲು ಬೇಜಾರು ಎಂದಳು. ಅಲ್ಲಿಂದ ಮುಂದೆ ಭಾನುವಾರದ ಒಲೆ ಇಬ್ಬರಿಗೂ ಒಂದೇ ಆಯಿತು.

ಬೇಸಿಗೆಯ ಕೊನೆಗೆ ಒಂದು ಸಂಜೆ ಎದ್ದ ಗಾಳಿ ಕೆಂಪು ಧೂಳನ್ನೆಲ್ಲ ಪ್ಯಾನಲ್‌ಗಳ ಮೇಲೆ ಸುರಿಯಿತು. ಹಿಂದೆಯೇ ನಾಲ್ಕು ಹನಿ ಬಿದ್ದು ಧೂಳೆಲ್ಲ ಕೆಸರಾಗಿ ಮೆತ್ತಿಕೊಂಡಿತು. ಆ ವಾರವೇ ಕಂಪನಿಯ ದೊಡ್ಡವರು ನೋಡಲು ಬರುವವರಿದ್ದರು. ಒಬ್ಬ ಡ್ರೈವರ್ ಮದುವೆಗೆ ಹೋಗಿದ್ದ, ಇನ್ನೊಬ್ಬನ ಗಾಡಿಯ ಬ್ರಷ್ಷಿನ ಕೈ ಮುರಿದಿತ್ತು. ಎಲ್ಲಕ್ಕಿಂತ ತೊಡಕಿನದು ಪಾರ್ಕಿನಲ್ಲಿ ವಳ್ಳೂರು ಎಂಬ ಹಳ್ಳಿಯ ಕಡೆಯ ಇಳಿಜಾರು. ಅಲ್ಲಿ ಟ್ರ್ಯಾಕ್ಟರು ಗಾಜಿನ ಕಡೆಗೇ ವಾಲುತ್ತಿದ್ದುದರಿಂದ ಯಾರೂ ಮುಂದೆ ಬರುತ್ತಿರಲಿಲ್ಲ. ಲಕ್ಷ್ಮೀದೇವಿ ತಾನು ಹೋಗುತ್ತೇನೆ ಎಂದಳು.

"ಗಾಜು ಒಡುದ್ರೆ ನನ್ನ ತಲೆ ಮೇಲೆ ಬತ್ತದೆ ಕಣಮ್ಮ," ಎಂದ ಪ್ರಸನ್ನಕುಮಾರ್.

"ನಾನು ಗುಡ್ಡದ ಬುಡದಲ್ಲೇ ಉಳುಮೆ ಕಲ್ತೋಳು ಸಾರ್. ಬುಟ್ಟು ನೋಡಿ."

ನೀರಿನ ಭಾರಕ್ಕೆ ಗಾಡಿ ವಾಲದಿರಲಿ ಎಂದು ಅವಳು ಟ್ಯಾಂಕನ್ನು ಅರ್ಧವಷ್ಟೇ ತುಂಬಿಸಿದಳು. ಅದಕ್ಕಾಗಿ ಮತ್ತೆ ಮತ್ತೆ ನೀರಿಗೆ ಹೋಗಿ ಬರಬೇಕಾಯಿತು, ಆಗಲಿ ಎಂದಳು. ಎಲ್ಲಿ ನೆಲ ಕುಸಿದಿದೆಯೋ ಅಲ್ಲಿ ಇಳಿದು, ಕಲ್ಲು ತುಂಬಿ, ಮೆಟ್ಟಿ ನೋಡಿ ಮುಂದೆ ಹೋದಳು. ಒಂದು ಕಡೆ ಹಿಂದಿನ ಚಕ್ರ ಜಾರಿ ಬ್ರಷ್ಷಿನ ಕಬ್ಬಿಣದ ಕೈ ಗಾಜಿಗೆ ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಅವಳು ಲಿವರ್ ಎಳೆದು ಅದನ್ನು ಮೇಲಕ್ಕೆತ್ತಿದ್ದಳು. ಎರಡನೆಯ ದಿನ, ಅಷ್ಟು ಕಾಲ ಅವಳ ಜೊತೆ ಕೂತು ತಿಂಡಿ ತಿನ್ನದಿದ್ದ ಡ್ರೈವರೊಬ್ಬ ತನ್ನ ಗಾಡಿ ತಂದು, ಅಕ್ಕ, ನಿಮ್ಮ ಚಕ್ರದ ಗುರುತಿನ ಮೇಲೇ ಬರುತ್ತೇನೆ ಎಂದು ಹಿಂದೆಯೇ ಹೊರಟ. ದೊಡ್ಡವರು ಬಂದ ಬೆಳಿಗ್ಗೆ ಇಳಿಜಾರು ಮೇಲಿಂದ ಕೆಳಗಿನವರೆಗೂ ಹೊಳೆಯುತ್ತಿತ್ತು. ಒಂದು ಗಾಜಿಗೂ ಗೀರು ಬಿದ್ದಿರಲಿಲ್ಲ.

ಪ್ರಸನ್ನಕುಮಾರ್ ವಳ್ಳೂರು ಕಡೆಯ ಉಸ್ತುವಾರಿಯನ್ನು ಅವಳ ಕೈಗೇ ಕೊಟ್ಟ. ಹಾಗಾದರೆ ಇನ್ನೊಬ್ಬ ಡ್ರೈವರ್ ಬೇಕು, ಆ ಊರಿನ ಹೆಣ್ಣುಮಗಳೇ ಆಗಬೇಕು ಎಂದು ಅವಳು ಕೇಳಿದಳು. ಕೋಲಿಗೆ ಬಟ್ಟೆ ಕಟ್ಟಿಕೊಂಡು ಪ್ಯಾನಲ್ ಒರೆಸುತ್ತಿದ್ದ ಶರಣ್ಯಾ ಎಂಬ ಹುಡುಗಿಯನ್ನು ಸೀಟಿಗೆ ಹತ್ತಿಸಿದಳು. ಅವಳೂ ಮೊದಲ ದಿನ ಬೇಲಿಗೆ ಗುದ್ದಿದಳು. ಈಗ ಇಳಿಜಾರಿನ ಅರ್ಧ ಅವಳದ್ದು.

ಆ ವರ್ಷದ ಆಯುಧ ಪೂಜೆಗೆ ಮುನಿಯಮ್ಮನೂ ರಂಗೇಶನೂ ಪಾವಗಡಕ್ಕೆ ಬಂದರು. ಗಾಡಿಗಳನ್ನೆಲ್ಲ ತೊಳೆದು, ವಿಭೂತಿ ಬಳಿದು, ಬಾನೆಟ್ಟಿಗೆ ಚೆಂಡುಹೂವಿನ ಹಾರ ಕಟ್ಟಿ ಸಾಲಾಗಿ ನಿಲ್ಲಿಸಿದ್ದರು. ಪೆದ್ದಮ್ಮ ಹೊಸ ಸೀರೆ ಉಟ್ಟು ಮುನಿಯಮ್ಮನ ಪಕ್ಕದಲ್ಲೇ ನಿಂತು, ನಮ್ಮ ಹೊಲ ಅದುಗೋ ಅಲ್ಲಿ ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಬೂದುಗುಂಬಳ ಒಡೆಯುವ ಹೊತ್ತಾಯಿತು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಳಬನಾದವನು ಕಾಯಿಯನ್ನು ತಂದು ಲಕ್ಷ್ಮೀದೇವಿಯ ಕೈಗಿಟ್ಟ. ಅವಳು ಅದನ್ನು ತಲೆಗಿಂತ ಮೇಲಕ್ಕೆತ್ತಿ ನೆಲಕ್ಕೆ ಅಪ್ಪಳಿಸಿದಳು. ಕುಂಕುಮದ ನೀರು ಸುತ್ತಲೂ ಚಿಮ್ಮಿ ಅವಳ ಸೀರೆಯ ಅಂಚೆಲ್ಲ ಕೆಂಪಾಯಿತು. ಅವಳು ಸೀಟು ಹತ್ತಿ, ಚಕ್ರದ ಕೆಳಗಿನ ನಿಂಬೆಹಣ್ಣಿನ ಮೇಲೆ ಹಾಯಿಸಿಕೊಂಡು ಮೊದಲ ಗಾಡಿ ಹೊರಡಿಸಿ, ಹಾರನ್ ಒತ್ತಿದಳು. ಹಿಂದಿನ ಗಾಡಿಗಳೆಲ್ಲ ಒಂದರ ಹಿಂದೊಂದು ಹಾರನ್ ಹೊಡೆಯುತ್ತ ಅವಳ ಬೆನ್ನಿಗೇ ಹೊರಟವು.