ಉಪ್ಪಿಲ್ಲದ ಭಜ್ಜಿ

ನಾನು ಜಾತಿ ನೋಡುವವಳಲ್ಲ ಎಂದು ಜಂಬ ಕೊಚ್ಚಿಕೊಂಡು ಓಡಾಡಿದವಳು. ಅದಕ್ಕೆ ನನ್ನ ಹತ್ತಿರ ಸಾಕ್ಷಿಯೂ ಇತ್ತು. ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ನಾನೂ ನನ್ನ ಗೆಳತಿಯೂ ಪ್ಯಾಕಿಂಗ್ ಕೆಲಸ ಮಾಡುತ್ತೇವೆ. ನಾನು ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತೇನೆ, ಆಕೆ ಹುಮನಾಬಾದ್ ಹತ್ತಿರದ ಹಳ್ಳಿಯಿಂದ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಇದು ನಂದು, ಅದು ನಿಂದು ಎಂಬ ಮಾತೇ ಇಲ್ಲ. ಆಕೆಯ ಅವ್ವ ಮಾಡುವ ಪುಂಡಿಪಲ್ಯಕ್ಕೆ ನಾನು ಕೈ ಹಾಕಿದ ಮೇಲೆ ಆಕೆಗೆ ಉಳಿಯುವುದು ಅಷ್ಟಕ್ಕಷ್ಟೆ. "ನಿನ್ನ ಸಲುವಾಗೇ ಅವ್ವ ಹೆಚ್ಚಿಗಿ ಹಾಕ್ತಾಳ, ಹೊಟ್ಟಿಬಾಕಿ" ಎಂದು ನಗುತ್ತಿದ್ದಳು.

ಆಕೆಯದು ಊರ ಹೊರಗಿನ ಓಣಿ. ಅಪ್ಪ ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ ಮಾಡಿ ಮಕ್ಕಳನ್ನು ಓದಿಸಿದವರು. ನಮ್ಮದು ಹೊಲ ಇದ್ದವರ ಮನೆ, ಮೇಲಿನ ಜಾತಿ ಎಂದು ಹೇಳಿಸಿಕೊಳ್ಳುವವರು. ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುವುದನ್ನು ಸುತ್ತ ಕುಳಿತವರು ಓರೆಗಣ್ಣಿನಿಂದ ನೋಡುತ್ತಿದ್ದರು. ನೋಡಲಿ ಎಂದೇ ನಾನೂ ಇನ್ನೊಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದೆ.

ನಮ್ಮ ಕಡೆ ಎಳ್ಳಮಾಸಿ ಎಂದರೆ ಹೊಲದ ಹಬ್ಬ. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಹಸಿ ತೊಗರಿ, ಕಡಲೆ, ಬಟಾಣಿ, ಮೆಂತ್ಯ, ಆ ಹಂಗಾಮಿಗೆ ಸಿಕ್ಕ ಕಾಳು-ಸೊಪ್ಪನ್ನೆಲ್ಲ ಹಾಕಿ ಕುದಿಸಿದ ಭಜ್ಜಿ, ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ಹೊಲ ಇದ್ದವರು ಇಲ್ಲದವರನ್ನು ಕರೆದು ಉಣ್ಣಿಸಬೇಕು. ಹೋದ ವರ್ಷ ಆಕೆಯನ್ನು ಕರೆದಿದ್ದೆ. ಬಂದಳು, ಬನ್ನಿ ಗಿಡದ ಕೆಳಗೆ ನಮ್ಮ ಜೊತೆ ಕುಳಿತು ಉಂಡಳು, ನಮ್ಮವ್ವನೇ ಬಡಿಸಿದಳು. ಬಡಿಸುವ ಕೈ ನಮ್ಮದಾಗಿದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ.

ಈ ವರ್ಷ ಆಕೆಯ ಮನೆಯವರು ತಮ್ಮದೇ ಒಂದು ತುಂಡು ಹೊಲ ಮಾಡಿಕೊಂಡರು. ಆಕೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಈ ಸಲ ನೀನೇ ನಮ್ಮ ಹೊಲಕ್ಕ ಬರಬೇಕು ನೋಡು. ಅವ್ವನ್ನೂ ಕರ್ಕೊಂಡು ಬಾ" ಎಂದಳು.

"ನಮ್ಮ ಹೊಲದಾಗ ಪೂಜಿ ಇರ್ತದಲ್ಲ, ಬಿಟ್ಟು ಹ್ಯಾಂಗ ಬರಲಿ?" ಎಂದೆ. ಅದು ಸುಳ್ಳೇನೂ ಅಲ್ಲ.

"ಹಂಗಾದ್ರ ಭಜ್ಜಿ ಕಳಸ್ತೀನಿ. ನಮ್ಮ ಹೊಲದ ಮೊದಲನೇ ಭಜ್ಜಿ ನೀ ಉಣ್ಣಲಿಲ್ಲಂದ್ರ ಹ್ಯಾಂಗ?"

ಹಬ್ಬದ ಬೆಳಿಗ್ಗೆ ಆಕೆಯ ಅಣ್ಣ ಬೈಕಿನ ಮೇಲೆ ಅಷ್ಟು ದೂರ ಬಂದು ಸ್ಟೀಲಿನ ಡಬ್ಬಿ ಕೊಟ್ಟ. "ಬಿಸಿ ಅದ ರೀ ಅಕ್ಕಾರ, ಉಣ್ರಿ" ಎಂದು, ನೀರೂ ಕುಡಿಯದೆ ಹೊರಟ. ಅಷ್ಟೊತ್ತಿಗೆ ನಮ್ಮವ್ವ, ದೊಡ್ಡಮ್ಮ ಎಲ್ಲ ಹೊಲಕ್ಕೆ ಹೋಗಿದ್ದರು. ಉಳಿದ ರೊಟ್ಟಿ ಕಟ್ಟಿಕೊಂಡು ಬೀಗ ಹಾಕಿ ಬರಲು ನಾನೊಬ್ಬಳೇ ಉಳಿದಿದ್ದೆ.

ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನಿಂತೆ. ಹೊಲಕ್ಕೆ ಒಯ್ದರೆ ದೊಡ್ಡಮ್ಮ ಎಲ್ಲಿಂದ ಬಂತು ಎಂದು ಕೇಳುತ್ತಾಳೆ. ಮನೆಯಲ್ಲಿಟ್ಟರೆ ಸಂಜೆ ಅವ್ವ ನೋಡುತ್ತಾಳೆ, ಮೂಗು ಮುರಿಯುತ್ತಾಳೆ. ವರ್ಷದ ಹಬ್ಬದ ದಿನ ಯಾಕೆ ಬೇಕು ರಗಳೆ? ಹಿತ್ತಲಿಗೆ ಹೋಗಿ ಎಮ್ಮೆಯ ಬೋಗುಣಿಗೆ ಸುರಿದೆ. ಡಬ್ಬಿ ತೊಳೆದು ಒರೆಸಿ ಅಟ್ಟಣಿಗೆಯ ಮೇಲಿಟ್ಟೆ. ಇಡೀ ಕೆಲಸ ಎಷ್ಟು ಸಲೀಸಾಗಿ ಮುಗಿಯಿತೆಂದರೆ, ನೆನೆಸಿಕೊಂಡರೆ ಈಗ ನನ್ನ ಕೈ ನೋಡಲು ನನಗೇ ನಾಚಿಕೆ.

ಮಧ್ಯಾಹ್ನ ಹೊಲದಲ್ಲಿದ್ದಾಗ ಆಕೆಯ ಫೋನ್ ಬಂತು. "ಭಜ್ಜಿ ಮುಟ್ಟಿತೇನು? ಅದರಾಗ..." ಎಂದು ಶುರು ಮಾಡಿದಳು. ನಾನು ಆಕೆಗೆ ಬಾಯಿ ತೆರೆಯಲು ಬಿಟ್ಟರೆ ತಾನೆ?

"ಏನ್ ರುಚಿ ಇತ್ತು ಮಾರಾಯ್ತಿ! ಉಪ್ಪು, ಖಾರ, ಹುಳಿ ಎಲ್ಲಾ ಹದ. ನಮ್ಮವ್ವ ಅಂತೂ ಬೆರಳು ಚೀಪಾಕತ್ತಿದ್ಲು."

"ಹೌದೇನು?" ಎಂದಳು. "ಆತು ಬಿಡು" ಎಂದು ಇಟ್ಟಳು.

ಮರುದಿನ ಊಟಕ್ಕೆ ಕುಳಿತಾಗ ಆಕೆ ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದಳು. "ಎಲ್ಲಾರ್ಕಿಂತ ಮೊದಲ ನಿನ್ನ ಡಬ್ಬಿ ತುಂಬಿದ್ದೆ. ಬಿಸಿ ಇರೂದರಾಗ ಮುಟ್ಟಲಿ ಅಂತ ಗಡಬಡ ಮಾಡಿ ಅಣ್ಣನ ಕೈಯಾಗ ಕೊಟ್ಟೆ. ಅಂವಾ ಹೋದ ಮ್ಯಾಲ ಅವ್ವ ಅಂದ್ಲು, ಇನ್ನಾ ಉಪ್ಪೇ ಹಾಕಿಲ್ಲ ಅಂತ. ಮ್ಯಾಲೆ ಉಪ್ಪು ಹಾಕ್ಕೋ ಅಂತ ಹೇಳಾಕ ಫೋನ್ ಮಾಡಿದ್ದೆ."

ಉಪ್ಪು ನಾವೇ ಹಾಕಿಕೊಂಡೆವು ಎನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಉಪ್ಪು ಹದ ಎಂದು ಹಿಂದಿನ ದಿನ ನಾನೇ ಹೊಗಳಿಯಾಗಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆಕೆ ಬೈಯಲೂ ಇಲ್ಲ, ಏನು ಮಾಡಿದೆ ಎಂದು ಕೇಳಲೂ ಇಲ್ಲ. ಉಂಡು ಡಬ್ಬಿ ಮುಚ್ಚಿದಳು.

ಅವತ್ತು ಸಂಜೆ ಪಾತ್ರೆ ಜೋಡಿಸುತ್ತಿದ್ದ ಅವ್ವ, "ಈ ಡಬ್ಬಿ ಯಾರ್ದು?" ಎಂದಳು. ಇನ್ನು ಮುಚ್ಚಿಟ್ಟು ಏನು ಮಾಡಲಿ, ಎಲ್ಲ ಹೇಳಿದೆ.

"ಎಮ್ಮಿಗಿ ಹಾಕಿದ್ಯಾ? ಯಾಕ?"

"ನೀ ಉಣ್ಣಂಗಿಲ್ಲ ಅಂತ."

ಅವ್ವ ಡಬ್ಬಿಯನ್ನು ತಿರುಗಿಸಿ ನೋಡಿದಳು. "ನಾ ಉಣ್ತಿದ್ದೆನೋ ಇಲ್ಲೋ ನನಗೂ ಗೊತ್ತಿಲ್ಲವ್ವಾ. ನೀ ಕೇಳೇ ಇಲ್ಲ. ನಂದು ಅತ್ತಾಗಿರಲಿ. ಮನ್ಯಾಗ ನೀ ಒಬ್ಬಾಕೀನೇ ಇದ್ದಿ. ನೀ ಯಾಕ ಉಣ್ಲಿಲ್ಲ?"

ಅಲ್ಲಿಯ ತನಕ ಅವ್ವನ ಮೇಲೆ, ದೊಡ್ಡಮ್ಮನ ಮೇಲೆ ಹಾಕಿ ಆರಾಮಾಗಿದ್ದೆ. ಒಂದು ರೊಟ್ಟಿ ಹಾಕಿಕೊಂಡು ಅಡುಗೆಮನೆಯಲ್ಲಿ ಕುಳಿತು ಉಣ್ಣಬಹುದಿತ್ತು. ಆ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಹುಮನಾಬಾದಿನಲ್ಲಿ ನಾನು ಆಕೆಯ ಡಬ್ಬಿಗೆ ಕೈ ಹಾಕಿದಾಗ ನೋಡುವವರಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ.

ಖಾಲಿ ಡಬ್ಬಿ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಏನಾದರೂ ತುಂಬಿ ಕೊಡಬೇಕು. ಏನು ತುಂಬಲಿ ಎಂದು ತಿಳಿಯದೆ ಅದು ಇನ್ನೂ ನಮ್ಮ ಅಟ್ಟಣಿಗೆಯ ಮೇಲೇ ಇದೆ. ಆಕೆ ಕೇಳಿಲ್ಲ. ಈಗಲೂ ಪಕ್ಕಪಕ್ಕ ಕುಳಿತೇ ಉಣ್ಣುತ್ತೇವೆ, ಬಸ್ಸಿನ ಸುದ್ದಿ, ಸೂಪರ್‌ವೈಸರನ ಸುದ್ದಿ ಮಾತಾಡುತ್ತೇವೆ. ಮೊನ್ನೆ ಆಕೆ ಪುಂಡಿಪಲ್ಯ ತಂದಿದ್ದಳು. ಒಬ್ಬರಿಗೆ ಆಗುವಷ್ಟೇ ಇತ್ತು.